ಕಲ್ಲವ್ವನ ಹಾಡಿನ ಪ್ರತಿಗಳು

ಕಂಪ್ಯೂಟರಿನಲ್ಲಿ ಏನನ್ನಾದರೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯಬೇಕಾದರೆ ಶಾಯಿಸ್ತಾ ಮೌಸ್ ಮುಟ್ಟುತ್ತಿರಲಿಲ್ಲ. ಅವಳು ಈ ವಿದ್ಯೆ ಕಲಿತದ್ದು ತೊಂಬತ್ತರ ದಶಕದ ಮೊದಲಲ್ಲಿ, ಶಿರಸಿಯ ಟೈಪಿಂಗ್ ಕ್ಲಾಸೊಂದರ ಹಿಂದಿನ ಕೋಣೆಯಲ್ಲಿ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮಾತ್ರ ಮೂಡುತ್ತಿದ್ದ ಕಾಲದಲ್ಲಿ. ಆಮೇಲೆ ವಿಂಡೋಸ್ ಬಂತು, ಬಣ್ಣ ಬಂತು, ದೇವಿಕೆರೆಯ ಹತ್ತಿರ ಅವಳದೇ ಒಂದು ಅಂಗಡಿಯೂ ಆಯಿತು. ಆದರೂ ಫೈಲು ಒಯ್ಯುವ ಕೆಲಸ ಬಂದರೆ ಅವಳು ಆ ಕಪ್ಪು ಕಿಟಕಿಯನ್ನೇ ತೆರೆಯುತ್ತಿದ್ದಳು.

“ಎಳೆದು ಬಿಟ್ರೆ ಯಾವುದು ಹೋಯ್ತು, ಯಾವುದು ಉಳೀತು ಗೊತ್ತಾಗೂದಿಲ್ಲ. ಬರೆದು ಹೇಳಿದ್ರೆ ಅದು ಒಂದೊಂದೇ ಹೆಸರು ಹೇಳ್ತಾ ಹೋಗ್ತದೆ. ನನಗೆ ಸಮಾಧಾನ,” ಎನ್ನುತ್ತಿದ್ದಳು.

ಅವಳ ಅಂಗಡಿಗೆ ಪರಿಮಳಾ ಬರತೊಡಗಿದ್ದು ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆಯಲ್ಲಿ. ಪರಿಮಳಾ ಭೈರುಂಬೆಯವಳು, ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದಳು. ವಜ್ರಳ್ಳಿಯಿಂದ ಬನವಾಸಿಯವರೆಗೆ ಊರೂರು ತಿರುಗಿ, ಪುಸ್ತಕ ಮಾಡಬೇಕೆಂದು ಹೆಂಗಸರ ಹಾಡುಗಳನ್ನು ಟೇಪ್‌ ರೆಕಾರ್ಡರಿನಲ್ಲಿ ಹಿಡಿದಿಟ್ಟುಕೊಂಡಿದ್ದಳು. ಹಿಂದಿನ ಮಳೆಗಾಲದ ತೇವಕ್ಕೆ ಕ್ಯಾಸೆಟ್ಟುಗಳಿಗೆ ಬೂಸಲು ಹಿಡಿದಿತ್ತು; ಇನ್ನೊಂದು ಮಳೆಗಾಲ ಬರುವ ಮೊದಲು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿಕೊಡು ಎಂದು ಚೀಲ ತಂದು ಸುರಿದಳು. ಶಾಯಿಸ್ತಾ ಟೇಪ್‌ ರೆಕಾರ್ಡರಿಗೂ ಕಂಪ್ಯೂಟರಿಗೂ ವಯರು ಜೋಡಿಸಿ, ಹಾಡು ಹಾಡಾಗಿ ಏರಿಸಿದಳು. ಹಾಡಿದವರ ಹೆಸರಿಗೊಂದು ಡೈರೆಕ್ಟರಿ, ಅದರೊಳಗೆ ಅವರ ಹಾಡುಗಳು. ಆ ಕೆಲಸ ನಡೆಯುವಷ್ಟರಲ್ಲಿ ‘ಮೇಡಂ’ ಹೋಗಿ ‘ಪರಿಮಳಕ್ಕ’ ಆಗಿದ್ದಳು. ಮಧ್ಯಾಹ್ನ ಇಬ್ಬರೂ ಅಂಗಡಿಯಲ್ಲೇ ಬುತ್ತಿ ಬಿಚ್ಚುತ್ತಿದ್ದರು.

ಎಲ್ಲರಿಗಿಂತ ಚೆನ್ನಾಗಿ ಹಾಡಿದವಳು ಬನವಾಸಿಯ ಕಲ್ಲವ್ವ. ಮುದುಕಿಯ ದನಿ ಒಡೆದ ಮಡಕೆಯ ಹಾಗಿದ್ದರೂ ಕೇಳುವವರು ಕೈಕೆಲಸ ಬಿಟ್ಟು ಕೂರಬೇಕು, ಹಾಗೆ ಹಾಡುತ್ತಿದ್ದಳು. ಅವಳ ಏಳನೆಯ ಹಾಡು ಮಾತ್ರ ಅರ್ಧಕ್ಕೆ ನಿಂತಿತ್ತು. ಹೊಳೆಯ ಪಾಲಾದ ತಾಯಿಯೊಬ್ಬಳು ಮಗಳನ್ನು ಹುಡುಕಿಕೊಂಡು ಬರುವ ಬೀಸುವ ಪದ ಅದು.

ಹೊಳಿದಾಟಿ ಬಂದಾಳ, ಮಗಳನ್ನ ಹುಡುಕ್ಯಾಳ,
ಬಾಗಿಲ ಬಾಗಿಲ ತಟ್ಟ್ಯಾಳ, ಕೇಳ್ಯಾಳ,
ಒಳಗಿದ್ರ ಒಮ್ಮಿ ಓ ಅನ್ನ.

ಅಷ್ಟಕ್ಕೇ ಕಲ್ಲವ್ವ ನಿಲ್ಲಿಸಿಬಿಟ್ಟಿದ್ದಳು. ಯಾಕೆ ಎಂದು ಪರಿಮಳಾ ಕೇಳುವುದು, “ಮುಂದಿಂದು ಬ್ಯಾಡ್ರಿ ಅಕ್ಕಾರ, ನಾ ಒಬ್ಬಾಕಿ ಅದೀನಿ,” ಎಂದು ಕಲ್ಲವ್ವ ಹೇಳುವುದು, ಎರಡೂ ಟೇಪಿನಲ್ಲಿದ್ದವು. ವಯಸ್ಸಾದವಳು, ಒಂಟಿತನ ಕಾಡಿರಬೇಕು ಎಂದುಕೊಂಡು ಪರಿಮಳಾ ಒತ್ತಾಯ ಮಾಡಿರಲಿಲ್ಲ. ಇನ್ನೊಮ್ಮೆ ಹೋಗಿ ಕೇಳೋಣ ಎಂದುಕೊಂಡಳು. ಅಷ್ಟರಲ್ಲಿ ಕಲ್ಲವ್ವ ತೀರಿಕೊಂಡ ಸುದ್ದಿ ಬಂತು.

ಚೌತಿ ಮುಗಿದ ಮೇಲೆ ಶಾಯಿಸ್ತಾಳ ಕಂಪ್ಯೂಟರಿನ ಹಾರ್ಡ್ ಡಿಸ್ಕು ಟಿಕ್ ಟಿಕ್ ಸದ್ದು ಮಾಡತೊಡಗಿತು. ಅದು ಸಾಯುವ ಲಕ್ಷಣ. ಅವಳು ಹೊಸ ಡಿಸ್ಕು ತರಿಸಿ, ಹಳೆಯದರ ಪಕ್ಕಕ್ಕೆ ಜೋಡಿಸಿ, ಕಪ್ಪು ಕಿಟಕಿ ತೆರೆದು ಬರೆದಳು:

XCOPY C:\HADU D:\HADU /E

ಕೊನೆಯ ಆ ಒಂದಕ್ಷರ ಖಾಲಿ ಡೈರೆಕ್ಟರಿಗಳನ್ನೂ ಬಿಡದೆ ಒಯ್ಯಲು. ಹಾಡಲು ಒಪ್ಪಿ ಆಮೇಲೆ ಹಾಡದೇ ಹೋದ ಕೆಲವರ ಹೆಸರಿನಲ್ಲಿ ಖಾಲಿ ಡೈರೆಕ್ಟರಿಗಳಿದ್ದವು. ಹೆಸರುಗಳು ಒಂದೊಂದಾಗಿ ಪರದೆಯ ಮೇಲೆ ಏರುತ್ತ ಹೋದವು. ಕೆಲಸ ಮುಗಿಯಿತು. ರೂಢಿಯಂತೆ ಅವಳು ಎರಡೂ ಕಡೆಯ ಒಟ್ಟು ಗಾತ್ರ ನೋಡಿದಳು. ಫೈಲುಗಳ ಸಂಖ್ಯೆ ಸರಿಯಾಗಿತ್ತು. ಗಾತ್ರ ಸರಿಯಿರಲಿಲ್ಲ. ಹೊಸ ಡಿಸ್ಕಿನಲ್ಲಿದ್ದದ್ದು ಹೆಚ್ಚಾಗಿತ್ತು.

ಪ್ರತಿ ಮಾಡುವಾಗ ಕಡಿಮೆಯಾಗಬಹುದು, ಡಿಸ್ಕು ಕೆಟ್ಟಿದ್ದರೆ ಅರ್ಧಕ್ಕೆ ನಿಲ್ಲಬಹುದು. ಹೆಚ್ಚಾಗುವುದನ್ನು ಅವಳು ಎಂದೂ ಕಂಡಿರಲಿಲ್ಲ. ಒಂದೊಂದೇ ಡೈರೆಕ್ಟರಿ ಹುಡುಕುತ್ತ ಹೋದಳು. ಬೆಳೆದದ್ದು ಒಂದೇ ಫೈಲು: ಕಲ್ಲವ್ವನ ಏಳನೆಯ ಹಾಡು. ಎರಡನ್ನೂ ಅಕ್ಷರಕ್ಕಕ್ಷರ ಹೋಲಿಸಿ ನೋಡುವ ಆಜ್ಞೆಯೂ ಇದೆ, ಅದನ್ನೂ ಕೊಟ್ಟಳು. ಹಳೆಯದು ಮುಗಿಯುವವರೆಗೆ ಒಂದಿಷ್ಟೂ ವ್ಯತ್ಯಾಸವಿಲ್ಲ, ಆಮೇಲೆ ಹೊಸದು ಉದ್ದವಿದೆ ಎಂದು ಉತ್ತರ ಬಂತು.

ಅವಳು ಹಾಡು ಹಾಕಿದಳು. ಕಲ್ಲವ್ವ ಹಾಡಿ ನಿಲ್ಲಿಸಿದಳು. ಪರಿಮಳಾ ಯಾಕೆಂದು ಕೇಳಿದಳು. “ನಾ ಒಬ್ಬಾಕಿ ಅದೀನಿ,” ಎಂಬ ಉತ್ತರ ಬಂತು. ಹಳೆಯ ಫೈಲು ಮುಗಿಯುತ್ತಿದ್ದದ್ದು ಅಲ್ಲಿಗೆ. ಈಗ ಬೀಸುಕಲ್ಲು ತಿರುಗುವ ಸದ್ದು ಕೇಳಿತು, ದೂರದಿಂದ ಹತ್ತಿರವಾಗುತ್ತ ಬಂದು, ಅದರ ಮೇಲೆ ಅದೇ ದನಿ:

ಅಗಸರ ಮನಿ ದಾಟಿ, ಗಾಣಿಗರ ಮನಿ ದಾಟಿ,
ಬಸವನ ಕಟ್ಟಿ ಬಳಸ್ಯಾಳ, ಕೇಳ್ಯಾಳ,
ಒಳಗಿದ್ರ ಒಮ್ಮಿ ಓ ಅನ್ನ.

ಆಮೇಲೆ ಕಲ್ಲು ಒಂದಷ್ಟು ಸುತ್ತು ಬರಿದೇ ತಿರುಗಿ ನಿಂತಿತು.

ಮರುದಿನ ಅದನ್ನು ಕೇಳಿದ ಪರಿಮಳಾಳ ಮುಖ ಅರಳಿತು. “ಟೇಪಿನ ಆ ಬದಿಗೆ ಉಳಿದಿತ್ತೇನೋ. ನಾವು ಏರಿಸುವಾಗ ಬಿಟ್ಟಿರಬೇಕು.”

“ಟೇಪಲ್ಲಿ ಇಲ್ಲ ಅಕ್ಕಾ. ನಾನು ಮತ್ತೆ ಹಾಕಿ ಕೇಳಿದೆ. ಅಲ್ಲಿ ಬರೀ ಕಾಗೆ ಕೂಗಿದ್ದು ಅದೆ. ಅಲ್ಲಾ, ಅವಳು ಹಾಡುವಾಗ ಎದುರಿಗೆ ಬೀಸುಕಲ್ಲು ಇತ್ತಾ?”

ಪರಿಮಳಾ ಇನ್ನೊಮ್ಮೆ ಹಾಡು ಹಾಕಿ ಕೇಳಿದಳು. “ಇರಲಿಲ್ಲ. ಜಗಲಿ ಮೇಲೆ ಕೂತು ಹಾಡಿದ್ದು. ಅವರ ಮನೆಲಿ ಬೀಸುಕಲ್ಲು ತೆಗೆದು ಎಷ್ಟೋ ವರ್ಷ ಆಯ್ತು ಅಂದಿದ್ಲು.” ಆಮೇಲೆ ತಗ್ಗಿದ ದನಿಯಲ್ಲಿ, “ಹೊಸ ಪ್ರತಿಯಿಂದ ಇನ್ನೊಂದು ಪ್ರತಿ ಮಾಡು ನೋಡೋಣ,” ಎಂದಳು.

ಮಾಡಿದಳು. ಫೈಲು ಇನ್ನಷ್ಟು ಬೆಳೆಯಿತು. ಹಾಡಿನ ತಾಯಿ ಬನವಾಸಿಯ ಬಾಗಿಲುಗಳನ್ನು ಮುಗಿಸಿ ಗದ್ದೆಯ ಬದುವಿಗೆ ಬಂದಿದ್ದಳು. ಆ ಪ್ರತಿಯಿಂದ ಮತ್ತೊಂದು. ಅವಳು ಅನಾನಸು ತೋಟದ ಬೇಲಿಗುಂಟ ನಡೆಯುತ್ತಿದ್ದಳು. ಹಳೆಯದರಿಂದ ಎಷ್ಟು ಸಲ ತೆಗೆದರೂ ಮೊದಲಿನ ಅಷ್ಟೇ ಬರುತ್ತಿತ್ತು. ಪ್ರತಿಯ ಪ್ರತಿ ತೆಗೆದರೆ ಮಾತ್ರ ಹಾಡು ಮುಂದೆ ಹೋಗುತ್ತಿತ್ತು. ಪರಿಮಳಾ ಪದಗಳನ್ನು ಬರೆದುಕೊಳ್ಳುತ್ತ, ಇನ್ನೊಂದು, ಇನ್ನೊಂದು ಎನ್ನುತ್ತಿದ್ದಳು. ಶಾಯಿಸ್ತಾಳಿಗೆ ಮೊದಲು ಸೋಜಿಗ, ಆಮೇಲೆ ಅಂಜಿಕೆ. ಪ್ರತಿ ಪದ ಮುಗಿದ ಮೇಲೂ ಕಲ್ಲು ಒಂದಷ್ಟು ಸುತ್ತು ಬರಿದೇ ತಿರುಗುತ್ತಿತ್ತಲ್ಲ, ಅದು ಅವಳಿಗೆ ಸೇರುತ್ತಿರಲಿಲ್ಲ. ಯಾರೋ ಏನನ್ನೋ ಹೇಳಬೇಕಾದ ಜಾಗ ಬಿಟ್ಟ ಹಾಗಿತ್ತು.

“ದಿನಾ ನಿನ್ನ ಕಾಯೋದು ಬೇಡ. ಆ ಆಜ್ಞೆ ಹ್ಯಾಂಗೆ ಬರೆಯೋದು ಹೇಳಿಕೊಡು,” ಎಂದಳು ಪರಿಮಳಾ ಒಂದು ದಿನ. ಅವಳ ಮನೆಯಲ್ಲೂ ಕಂಪ್ಯೂಟರ್ ಇತ್ತು. ಶಾಯಿಸ್ತಾ ಹೇಳಿಕೊಟ್ಟಳು: ಎಲ್ಲಿಂದ, ಎಲ್ಲಿಗೆ, ನಡುವೆ ಜಾಗ ಬಿಡಬೇಕು, ಒಯ್ಯುವುದು ಫೈಲೋ ಡೈರೆಕ್ಟರಿಯೋ ಎಂದು ಅದು ಕೇಳಿದರೆ ಏನು ಒತ್ತಬೇಕು. ಪರಿಮಳಾ ಒಂದೇ ಸಲಕ್ಕೆ ಕಲಿತು, ಹೊಸ ಪ್ರತಿಯನ್ನು ಸಿಡಿಯಲ್ಲಿ ಮನೆಗೆ ಒಯ್ದಳು.

ಆ ವಾರವೇ ಕಮಲಾಕರನ ಸಂಗತಿ ನಡೆಯಿತು. ಕಮಲಾಕರ ಪಕ್ಕದ ಅಂಗಡಿಯ ಟೇಲರು; ನಡುವೆ ಬರೀ ಹಲಗೆಯ ಗೋಡೆ. ಬಿಸಿಲು ಏರಿದ್ದ ಹೊತ್ತು, ಶಾಯಿಸ್ತಾ ಹಿಂದಿನ ದಿನ ತೆಗೆದ ಪ್ರತಿಯನ್ನು ಸಣ್ಣ ದನಿಯಲ್ಲಿ ಹಾಕಿ ಕೇಳುತ್ತಿದ್ದಳು.

ಪ್ಯಾಟಿಯ ಕೆರಿಯೇರಿ ಬಿಸಲಾಗ ನಡದಾಳ,
ಹೊಲಿಗಿಯ ಸದ್ದ ಕೇಳ್ಯಾಳ, ನಿಂತಾಳ,
ಒಳಗಿದ್ರ ಒಮ್ಮಿ ಓ ಅನ್ನ.

ಹಲಗೆಯ ಆಚೆ ಹೊಲಿಗೆ ಯಂತ್ರ ನಿಂತಿತು. “ಓ,” ಎಂದ ಕಮಲಾಕರ. “ಓ, ಬಂದೆ.”

ಶಾಯಿಸ್ತಾ ಗಿರಾಕಿ ಕರೆದಿರಬೇಕು ಎಂದುಕೊಂಡಳು. ಕಮಲಾಕರ ಅವಳ ಅಂಗಡಿಯ ಮುಂದಿನಿಂದಲೇ ಹೋದ. ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಯಾರದೋ ಅರ್ಧ ಹೊಲಿದ ಜುಬ್ಬ. ಕಾಲಿಗೆ ಚಪ್ಪಲಿಯಿರಲಿಲ್ಲ. ರಸ್ತೆ ದಾಟುವಾಗ ಸ್ಕೂಟರಿನವನೊಬ್ಬ ಬೈದದ್ದೂ ಅವನಿಗೆ ಕೇಳಿಸಿದಂತಿರಲಿಲ್ಲ. ಯಾರೋ ಮುಂದೆ ಹೋಗುತ್ತಿದ್ದಾರೆ, ತಾನು ಹಿಂದೆ ಹೋಗುತ್ತಿದ್ದೇನೆ ಎಂಬಂತೆ ಸಾವಕಾಶವಾಗಿ ನಡೆದು ಕೆರೆಯ ಮೆಟ್ಟಿಲು ಇಳಿದ. ಶಾಯಿಸ್ತಾ ಕೂಗುತ್ತ ಓಡಿದಳು. ಅವಳು ಮುಟ್ಟುವಷ್ಟರಲ್ಲಿ ನೀರು ಅವನ ಎದೆಗೆ ಬಂದಿತ್ತು. ಬಟ್ಟೆ ಒಗೆಯುತ್ತಿದ್ದವರು ಹಾರಿ ಹಿಡಿದು ಎಳೆತಂದರು.

ದಡದಲ್ಲಿ ಕೂತು ಕಮಲಾಕರ ನಡುಗುತ್ತಿದ್ದ. “ನಮ್ಮ ಅಮ್ಮ ಕರೆದಂಗಾಯ್ತು,” ಎಂದ. “ಅಮ್ಮ ಹೋಗಿ ಎಷ್ಟು ವರ್ಷ ಆತು... ಆದ್ರೂ ಕರೆದಂಗಾಯ್ತು.” ಕೈಯಲ್ಲಿದ್ದ ಜುಬ್ಬವನ್ನು ನೋಡಿ, ಇದು ಹೇಗೆ ಒದ್ದೆಯಾಯಿತು ಎಂದು ಅಳತೊಡಗಿದ.

ಶಾಯಿಸ್ತಾ ಅಂಗಡಿಗೆ ಬಂದವಳೇ ಆ ಹಾಡಿನ ಎಲ್ಲ ಪ್ರತಿಗಳನ್ನೂ ಅಳಿಸಿದಳು. ಹಳೆಯ ಡಿಸ್ಕಿನ ಮೊದಲ ಫೈಲನ್ನು ಮಾತ್ರ ಉಳಿಸಿಕೊಂಡಳು. ಆಮೇಲೆ ಭೈರುಂಬೆಗೆ ಫೋನು ಹಚ್ಚಿದಳು.

“ಅಕ್ಕಾ, ಆ ಹಾಡನ್ನ ಇನ್ನು ಕಾಪಿ ಮಾಡಬೇಡಿ,” ಎಂದು ಕಮಲಾಕರನ ವಿಷಯ ಹೇಳಿದಳು.

ಪರಿಮಳಾ ಹೆದರಲಿಲ್ಲ. “ಹಂಗಾದ್ರೆ ನಿಜ,” ಎಂದಳು. “ಅವಳು ನಿಜವಾಗಿಯೂ ಬರ್ತಾ ಇದ್ದಾಳೆ.”

“ಯಾರು?”

ಪರಿಮಳಾ ಅಂಗಡಿಯಲ್ಲಿ ಎಂದೂ ಆಡದ ತನ್ನ ಮನೆಮಾತಿನಲ್ಲೇ ತಾಯಿಯ ಸುದ್ದಿ ಹೇಳಿದಳು. “ಎನ್ನ ಆಯಿ ಹೊಳೆಲೇ ಹೋದ್ದು, ಶಾಯಿಸ್ತಾ. ವಜ್ರಳ್ಳಿ ಬದಿಗೆ, ಮರದ ಸಂಕ ದಾಟಕ್ಕಿದ್ರೆ. ಆಗ ಆನು ಸಣ್ಣಕ್ಕಿದ್ದಿ. ಆಯಿ ಮುಖ ನೆನಪಿಲ್ಲೆ, ದನಿ ನೆನಪಿಲ್ಲೆ. ಒಂದು ಪಟನೂ ಇಲ್ಲೆ. ಈಗ ಹುಡುಕ್ಯಂಡು ಬತ್ತಾ ಇದ್ದು. ಆನು ಹ್ಯಾಂಗೆ ಸುಮ್ನೆ ಕೂರದು?”

“ಅದು ಕಲ್ಲವ್ವನ ದನಿ ಅಕ್ಕಾ!”

“ಈಗ ಅಲ್ಲ. ಇತ್ತಿತ್ಲಾಗಿನ ಪ್ರತಿ ನೀ ಕೇಳಿದ್ದಿಲ್ಲೆ,” ಎಂದು ಪರಿಮಳಾ ಫೋನು ಇಟ್ಟಳು. ಮತ್ತೆ ಹಚ್ಚಿದರೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಶಾಯಿಸ್ತಾ ತಮ್ಮ ನದೀಮನನ್ನು ಎಬ್ಬಿಸಿದಳು. ಅವನಿಗೆ ಒಂದು ಟೆಂಪೊ ಇತ್ತು, ಸಂತೆಗೆ ಶುಂಠಿ ಮೂಟೆ ಸಾಗಿಸುತ್ತಿದ್ದ. “ಬನವಾಸಿಗೆ ಹೋಗಬೇಕು,” ಎಂದಳು. ಯಾಕೆ ಎಂದು ಕೇಳಿ, ಪೂರಾ ಕೇಳಿಕೊಂಡು, ನದೀಮ್ ನಗಲಿಲ್ಲ. ಅವನೂ ಹಿಂದಿನ ದಿನ ಕಮಲಾಕರನನ್ನು ಮನೆಗೆ ಮುಟ್ಟಿಸಿ ಬಂದಿದ್ದ.

ಬನವಾಸಿಯಲ್ಲಿ ಕಲ್ಲವ್ವನ ಮಗ ಮಧುಕೇಶ್ವರ ಸಿಕ್ಕ. ಏಳನೆಯ ಹಾಡಿನ ಸುದ್ದಿ ಎತ್ತಿದ ಕೂಡಲೇ ಅವನು ಸುತ್ತ ನೋಡಿದ.

“ಆ ಪದಾನ? ಅದನ್ನ ಅವ್ವ ಒಬ್ಬಾಕಿನ ಹಾಡಿದ್ಲಾ? ಹಾಡಬಾರದಿತ್ತು ನೋಡ್ರಿ. ಅದು ಇಬ್ರು ಹಾಡೂದು. ಪಾರ್ವತವ್ವ ಅಂತ, ಆಕಿ ಇದಿರ ಕುಂದರತಿದ್ಲು. ನಡುವ ಏನೋ ಮಾತಿಗೆ ಮಾತು ಬಂದು ಇಬ್ರೂ ಮಾತು ಬಿಟ್ರು. ಅವ್ವ ಸತ್ತಾಗೂ ಆಕಿ ಬರಲಿಲ್ಲ.”

ಪಾರ್ವತವ್ವನ ಮನೆ ಊರಿನ ಅಂಚಿನಲ್ಲಿತ್ತು. ಮುದುಕಿ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಶಾಯಿಸ್ತಾ ಹೇಳುವಷ್ಟು ಹೊತ್ತೂ ತಲೆ ಎತ್ತಲಿಲ್ಲ. ಬೀಸುಕಲ್ಲಿನ ಸದ್ದಿನ ಮಾತು ಬಂದಾಗ ಮಾತ್ರ ಅವಳ ಕೈ ನಿಂತಿತು.

“ಪದ ಮುಗದ ಮ್ಯಾಲ ಕಲ್ಲು ಬರಿದ ತಿರಗತೈತೇನು?”

“ಹೌದು ಅಜ್ಜಿ.”

“ಅದು ನಂದು. ಅಲ್ಲೆ ನಾ ಹಾಡಬೇಕು.” ಪಾರ್ವತವ್ವ ಕೈ ಒರೆಸಿಕೊಂಡಳು. “ನಮ್ಮತ್ತಿ ಹೇಳಿದ್ಲು. ಇದರಾಗ ಒಬ್ಬಾಕಿ ಕರೀತಾಳ, ಒಬ್ಬಾಕಿ ಕಳಸ್ತಾಳ. ಕಳಸಾಕಿ ಇಲ್ದ ಕರದ್ರ ಬಂದಾಕಿ ಹೋಗೂದಿಲ್ಲ. ಕಲ್ಲವ್ವಿಗೆ ಇದು ಗೊತ್ತಿತ್ತು. ಅರ್ಧಕ್ಕ ನಿಲ್ಲಿಸಿದ್ಲು. ನೀವು ಯಾಕ್ ನಿಲ್ಲಿಸಲಿಲ್ಲ?”

“ಅಜ್ಜಿ, ನೀವು ಬರಬೇಕು. ಭೈರುಂಬೆಯಲ್ಲಿ ಒಬ್ಬರು ಓ ಅನ್ನಲಿಕ್ಕೆ ಕಾಯ್ತಾ ಇದ್ದಾರೆ.”

ಮುದುಕಿ ಒಳಗೆ ಹೋಗಿ ಬೇರೆ ಸೀರೆ ಉಟ್ಟುಕೊಂಡು ಬಂದಳು. “ಬರ್ರಿ, ತಡಾ ಮಾಡಬ್ಯಾಡ್ರಿ,” ಎಂದು ತಾನೇ ಮೊದಲು ಟೆಂಪೊ ಹತ್ತಿದಳು.

ಪರಿಮಳಾಳದು ರಸ್ತೆ ಬದಿಯ ಹೊಸ ತಾರಸಿ ಮನೆ. ಗಂಡ ಸುಹಾಸ ಕೆಲಸಕ್ಕೆ ಹೋಗಿದ್ದ. ಮುಂಬಾಗಿಲು ಪೂರ್ತಿ ತೆರೆದಿತ್ತು. ಹೊಸ್ತಿಲ ಮುಂದೆ ರಂಗೋಲಿ, ಒಳಗೆ ಚಾಪೆ ಹಾಸಿ, ಅದರ ಮೇಲೆ ಬೆಲ್ಲ, ತಂಬಿಗೆಯಲ್ಲಿ ನೀರು, ಯಾರೋ ನೆಂಟರು ಬರುವವರಿದ್ದಂತೆ. ಪರಿಮಳಾ ಕಂಪ್ಯೂಟರಿನ ಮುಂದೆ ಕೂತಿದ್ದಳು. ಕಪ್ಪು ಕಿಟಕಿಯಲ್ಲಿ ಅದೇ ಆಜ್ಞೆ ಮೇಲಿಂದ ಕೆಳಗಿನವರೆಗೆ, ಒಂದರ ಕೆಳಗೊಂದು. ಪ್ರತಿಯ ಪ್ರತಿಯ ಪ್ರತಿ.

“ಬಂದ್ಯಾ? ಕೂತ್ಕ. ಈಗ ಬತ್ತು,” ಎಂದಳು. ಕಣ್ಣು ಕೆಂಪಾಗಿದ್ದವು, ಆದರೆ ಮುಖ ನಗುತ್ತಿತ್ತು. ಶಾಯಿಸ್ತಾ ತಡೆಯುವ ಮೊದಲೇ ಅವಳು ಕೊನೆಯ ಪ್ರತಿಯನ್ನು ಹಾಕಿದಳು.

ದನಿ ನಿಜಕ್ಕೂ ಕಲ್ಲವ್ವನದಾಗಿರಲಿಲ್ಲ. ಪ್ರಾಯದ ಹೆಂಗಸಿನ ದನಿ, ತಣ್ಣಗೆ, ನೀರಿನೊಳಗಿನಿಂದ ಬಂದಂತೆ. ಕಲ್ಲಿನ ಸದ್ದು ಎಷ್ಟು ಹತ್ತಿರವಿತ್ತೆಂದರೆ ಮೇಜಿನ ಮೇಲಿನ ಲೋಟ ಅದರುತ್ತಿತ್ತು.

ಶಾಲ್ಮಲಿ ಹೊಳಿದಾಟಿ ಕಟ್ಟೆಯ ಏರ್ಯಾಳ,
ಪರಿಮಳಾ ಅಂತ ಕರದಾಳ, ಕೇಳ್ಯಾಳ,
ಒಳಗಿದ್ರ ಒಮ್ಮಿ ಓ ಅನ್ನ.

ಹೊರಗೆ ಟೆಂಪೊದ ಹತ್ತಿರ ನಿಂತಿದ್ದ ನದೀಮ್, “ಆಪಾ!” ಎಂದು ಕೂಗಿದ. ಅಂಗಳದ ಒಣ ನೆಲದ ಮೇಲೆ ಗೇಟಿನಿಂದ ಬಾಗಿಲ ಕಡೆಗೆ ಒದ್ದೆ ಹೆಜ್ಜೆಗಳು ಮೂಡುತ್ತಿದ್ದವು. ಬಿಸಿಲು ಚುರುಗುಟ್ಟುತ್ತಿದ್ದರೂ ಆರುತ್ತಿರಲಿಲ್ಲ. ಕೊನೆಯ ಹೆಜ್ಜೆ ರಂಗೋಲಿಯ ಮೇಲೆ ಬಿತ್ತು. ಬಿಳಿ ಪುಡಿ ತೊಯ್ದು ಬೆರಳುಗಳ ಗುರುತು ಮೂಡಿತು.

ಕಲ್ಲು ಬರಿದೇ ತಿರುಗುತ್ತಿತ್ತು. ಪರಿಮಳಾ ಎದ್ದು ನಿಂತು ಬಾಯಿ ತೆರೆದಳು. ಶಾಯಿಸ್ತಾಳ ಹಿಂದೆಯೇ ಒಳಗೆ ಬಂದಿದ್ದ ಪಾರ್ವತವ್ವ ಅಂಗೈಯಿಂದ ಅವಳ ಬಾಯಿ ಮುಚ್ಚಿದಳು.

“ಒಂದ್ ಮಾತು ಹೇಳು ತಂಗಿ. ಓ ಅನಬ್ಯಾಡ, ನನಗಷ್ಟ ಹೇಳು. ನಿಮ್ಮವ್ವ ನಿನ್ನ ಏನಂತ ಕರೀತಿದ್ಲು?”

ಪರಿಮಳಾ ಆ ಕೈಯನ್ನು ಕಿತ್ತೆಸೆಯಲು ನೋಡಿದಳು. ಆಮೇಲೆ ಅವಳ ಹಿಡಿತ ಸಡಿಲಾಯಿತು, ಪಾರ್ವತವ್ವ ಕೈ ತೆಗೆದಳು. ಪರಿಮಳಾ ಬಾಗಿಲ ಕಡೆಯೇ ನೋಡುತ್ತ, ನಿದ್ದೆಯಿಂದ ಎದ್ದವರ ಹಾಗೆ ಮಾತಾಡಿದಳು.

“ಭಾಗೀರಥಿ. ಎನ್ನ ಹೆಸರು ಭಾಗೀರಥಿ ಆಗಿತ್ತಡ. ಆಯಿ ಹೋದ ಮೇಲೆ ಎನ್ನ ಚಿಕ್ಕಿ ಮನೆಗೆ ಕರಕಂಡು ಬಂದ. ಅಲ್ಲಿ ಚಿಕ್ಕಿ ಅತ್ತೆ ಹೆಸರೂ ಭಾಗೀರಥಿ. ಅತ್ತೆ ಹೆಸರು ಹಿಡಿದು ಕರೆಯಲಾಗ ಹೇಳಿ ಎಲ್ಲ ಸೇರಿ ಎಂಗೆ ಪರಿಮಳಾ ಹೇಳಿ ಹೆಸರಿಟ್ಟ.” ಅವಳು ಪಾರ್ವತವ್ವನ ಕಡೆ ತಿರುಗಿದಳು. “ಆಯಿಗೆ ಪರಿಮಳಾ ಹೇಳ ಹೆಸರೇ ಗೊತ್ತಿಲ್ಲೆ.”

“ಹಂಗಾರ ಬಾಗಲದಾಗ ನಿಂತಾಕಿ ಯಾರು?” ಎಂದಳು ಪಾರ್ವತವ್ವ.

ಸ್ಪೀಕರಿನಿಂದ ಕಲ್ಲಿನ ಸದ್ದು ಬರುತ್ತಲೇ ಇತ್ತು. ಪರಿಮಳಾ ಶಾಯಿಸ್ತಾಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಫೈಲು ಎಂದೋ ಮುಗಿದಿರಬೇಕಿತ್ತು. ಪರದೆಯ ಮೇಲಿನ ಗೆರೆ ಕೊನೆಯನ್ನು ಮುಟ್ಟಿ ನಿಂತಿತ್ತು. ಆದರೂ ಕಲ್ಲು ತಿರುಗುತ್ತಿತ್ತು, ದನಿ ಮತ್ತೆ ಕರೆಯಿತು. ಈಗ ಹಾಡಿರಲಿಲ್ಲ. “ಪರಿಮಳಾ,” ಎಂದಿತು. ಅದು ಸ್ಪೀಕರಿನಿಂದ ಬಂದದ್ದಲ್ಲ.

ಪಾರ್ವತವ್ವ ಹೊಸ್ತಿಲ ಒಳಗೆ, ಬಾಗಿಲಿಗೆ ಮುಖ ಮಾಡಿ, ಕಾಲು ಚಾಚಿ ಕೂತಳು. ಎದುರಿಗೆ ಬೀಸುಕಲ್ಲು ಇದ್ದಂತೆ ಬಲಗೈ ಮುಂದೆ ಮಾಡಿ ಗೂಟ ಹಿಡಿದು ತಿರುಗಿಸತೊಡಗಿದಳು. ಅವಳ ಕೈ ಕಲ್ಲಿನ ಸದ್ದಿಗೆ ಸರಿಯಾಗಿ ಕೂಡಿತು. ಆಮೇಲೆ ಹಾಡಿದಳು. ಅವಳ ದನಿಯಲ್ಲಿ ಕಲ್ಲವ್ವನ ಸೆಳೆತವಿರಲಿಲ್ಲ, ಆದರೆ ಅದು ಗಟ್ಟಿಯಾಗಿತ್ತು.

ಇಲ್ಲಿಲ್ಲ ನಿನ ಮಗಳು, ಇದು ನಿನ್ನ ಮನಿಯಲ್ಲ,
ಬಂದ ದಾರಿಯ ಹಿಡಿಯವ್ವ, ತಾಯವ್ವ,
ಹೊಳಿ ಕಾದೈತಿ, ನೀ ನಡಿಯವ್ವ.

ಒಂದು ಮನೆಯಿಂದಲ್ಲ, ಎಲ್ಲ ಬಾಗಿಲಿಂದಲೂ ಕಳಿಸಬೇಕು ಎಂದು ಆಮೇಲೆ ಅವಳೇ ಹೇಳಿದಳು. ಹಾಗಾಗಿ ಅವಳು, ಟೆಂಪೊದಲ್ಲಿ ಶಾಯಿಸ್ತಾಳಿಂದ ಕೇಳಿಕೊಂಡಿದ್ದ ದಾರಿ ಹಿಡಿದು, ಶಾಲ್ಮಲೆಯ ಕಟ್ಟೆಯಿಂದ ಶುರುಮಾಡಿ ಹಿಂದಕ್ಕೆ ಹಾಡುತ್ತ ಹೋದಳು: ಪೇಟೆಯ ಹೊಲಿಗೆಯ ಅಂಗಡಿ, ಕೆರೆಯ ಏರಿ, ಅನಾನಸು ತೋಟದ ಬೇಲಿ, ಗದ್ದೆಯ ಬದು, ಬಸವನ ಕಟ್ಟೆ, ಗಾಣಿಗರ ಮನೆ, ಅಗಸರ ಮನೆ. ಒಂದೊಂದು ಪದಕ್ಕೂ ಕಲ್ಲಿನ ಸದ್ದು ದೂರವಾಯಿತು. ಬನವಾಸಿಯ ವರದಾ ಹೊಳೆಯ ದಡಕ್ಕೆ ಬಂದಾಗ ಸದ್ದು ಇರುವೆ ಹರಿದಷ್ಟಾಗಿತ್ತು. ಅಲ್ಲಿ ಪಾರ್ವತವ್ವ ಗೂಟದಿಂದ ಕೈ ತೆಗೆದಳು. “ಕಲ್ಲವ್ವಿ, ಇನ್ನ ನೀನೂ ಕೈ ಬಿಡ,” ಎಂದಳು, ಹಾಡಿನಲ್ಲಲ್ಲ, ಮಾತಿನಲ್ಲಿ. ಸದ್ದು ನಿಂತಿತು.

ರಂಗೋಲಿಯ ಮೇಲಿನ ಹೆಜ್ಜೆ ನೋಡನೋಡುತ್ತ ಒಣಗಿತು. ಅಂಗಳದ ಹೆಜ್ಜೆಗಳೂ ಹೋದವು. ನದೀಮ್ ಒಳಗೆ ಬಂದು, ತಂಬಿಗೆಯ ನೀರಿಗೆ ಕೈ ಚಾಚಿ, ಯಾಕೋ ಕುಡಿಯದೆ ಹಾಗೇ ಇಟ್ಟ.

ಪರಿಮಳಾ ನೆಲದ ಮೇಲೆ ಕೂತು ಅಳುತ್ತಿದ್ದಳು. ಶಾಯಿಸ್ತಾ ಅವಳ ಕುರ್ಚಿಯಲ್ಲಿ ಕೂತು, ತಾನು ತಂದಿದ್ದ ಮೊದಲ ಫೈಲಿನ ಸಿಡಿ ಹಾಕಿ, ಪ್ರತಿ ತೆಗೆಯುವ ಆಜ್ಞೆ ಬರೆದಳು. ಇದೇ ಹೆಸರಿನ ಫೈಲು ಇಲ್ಲಿದೆ, ಅದರ ಮೇಲೆ ಬರೆಯಲೇ ಎಂದು ಅದು ಕೇಳಿತು. ಹೌದು ಎಂದು ಒತ್ತಿ, ಉಳಿದ ಪ್ರತಿಗಳನ್ನೆಲ್ಲ ಅಳಿಸಿದಳು. ಮುಗಿದ ಮೇಲೆ ಗಾತ್ರ ನೋಡಿದಳು. ಎರಡೂ ಒಂದೇ ಇದ್ದವು. ನಂಬಿಕೆ ಬಾರದೆ ಪ್ರತಿಯ ಪ್ರತಿ ತೆಗೆದು ನೋಡಿದಳು. ಆಗಲೂ ಒಂದೇ.

ವಾಪಸು ಹೋಗುವಾಗ ದಾರಿಯಲ್ಲಿ ಅವಳು ಪಾರ್ವತವ್ವನನ್ನು ಕೇಳಿದಳು. “ಅವಳು ಯಾರಜ್ಜಿ? ಅವಳಿಗೆ ಮಗಳು ಇದ್ದದ್ದು ನಿಜವಾ?”

“ಯಾರಿಗ್ ಗೊತ್ತವ್ವ. ನಮ್ಮತ್ತಿಗೂ ಗೊತ್ತಿರಲಿಲ್ಲ.” ಮುದುಕಿ ಟೆಂಪೊದ ಸರಳು ಹಿಡಿದು ಹೊರಗೆ ನೋಡುತ್ತಿದ್ದಳು. “ಹೆಣ್ಣ ಹೆಸರು ಯಾವುದು ಕಿವಿಗೆ ಬಿದ್ರೂ ಅದನ್ನ ಹಿಡಕೊಂಡು ಕರೀತಾಳಂತ. ಪಾಪ ಅನಸ್ತೈತಿ. ಆದ್ರ ಪಾಪ ಅಂತ ಒಳಗ ಕರಕೊಳ್ಳಾಕ ಆಗತೈತೇನು?”

ಪರಿಮಳಾ ಕೆಲವು ದಿನ ಜ್ವರದಲ್ಲಿ ಮಲಗಿದಳು. ಗುಣವಾದ ಮೇಲೂ ಬಹಳ ದಿನ ಅಂಗಡಿಗೆ ಬರಲಿಲ್ಲ. ಶಾಯಿಸ್ತಾ ಫೋನು ಮಾಡಿದರೆ ಎರಡು ಮಾತಾಡಿ ಇಡುತ್ತಿದ್ದಳು. ತಾಯಿಯನ್ನು ಬಾಗಿಲಿಂದ ಅಟ್ಟಿಸಿದವಳು ಎಂದು ಪರಿಮಳಾಳಿಗೆ ತನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲವೇನೋ ಎಂದು ಶಾಯಿಸ್ತಾ ನೊಂದುಕೊಂಡಳು. ಕಮಲಾಕರ ಮತ್ತೆ ಹೊಲಿಗೆಗೆ ಕೂತ. ಆದರೆ ಯಾರಾದರೂ ಹೊರಗಿನಿಂದ ಕರೆದರೆ ಓಗೊಡುತ್ತಿರಲಿಲ್ಲ, ಎದ್ದು ಬಂದು ಮುಖ ನೋಡಿಯೇ ಮಾತಾಡುತ್ತಿದ್ದ.

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ಪರಿಮಳಾ ಬುತ್ತಿ ಹಿಡಿದುಕೊಂಡು ಬಂದಳು. ಪುಸ್ತಕದ ಕೆಲಸ ಮತ್ತೆ ಶುರುಮಾಡೋಣ ಎಂದಳು. ಏಳನೆಯ ಹಾಡನ್ನು ಹಾಕುವುದಿಲ್ಲ ಎಂದಳು.

“ಭಾನುವಾರ ಭಾನುವಾರ ಬನವಾಸಿಗೆ ಹೋಗ್ತಾ ಇದ್ದೇನೆ,” ಎಂದಳು ಊಟದ ನಡುವೆ. “ಪಾರ್ವತವ್ವ ಕಳಿಸೋ ಪದ ಹೇಳಿಕೊಡ್ತಾಳೆ. ಅವಳಿಗೆ ಸೊಸೆಯಂದಿರಿದ್ದಾರೆ, ಯಾರೂ ಕಲೀಲಿಲ್ಲ.”

“ರೆಕಾರ್ಡರ್ ಒಯ್ತೀರಾ?”

“ಇಲ್ಲ. ಬಾಯಿಪಾಠ ಮಾಡ್ತಾ ಇದ್ದೇನೆ.” ಪರಿಮಳಾ ಅನ್ನ ಕಲಸಿದಳು. “ಚಿಕ್ಕಿ ಹತ್ರ ಕೇಳಿದೆ, ಆಯಿ ದನಿ ಹೇಗಿತ್ತು ಅಂತ. ಬಹಳ ಸಣ್ಣ ದನಿ ಆಗಿತ್ತಂತೆ. ಅಡುಗೆಮನೆಯಿಂದ ಕರೆದ್ರೆ ಜಗಲಿಗೆ ಕೇಳ್ತಿರಲಿಲ್ಲವಂತೆ. ಹಾಗಾಗಿ ಯಾರನ್ನೂ ಕರೀತಾನೇ ಇರಲಿಲ್ಲ, ಎದ್ದು ಬಂದು ಬೆನ್ನು ಮುಟ್ತಿದ್ಲಂತೆ.”

ಶಾಯಿಸ್ತಾ ಅವಳ ತಟ್ಟೆಗೆ ಇನ್ನಷ್ಟು ಪಲ್ಯ ಬಡಿಸಿದಳು. ಇಬ್ಬರೂ ಉಣ್ಣತೊಡಗಿದರು.